ನಾಳೆ ಬಾ ಅಂದ್ರೆ ಹೋಗೋ ದೆವ್ವ

ಒಂದು ಶನಿವಾರ ರಾತ್ರಿ ಜೆ.ಪಿ. ನಗರದ ನನ್ನ ಮನೆಗೆ ಬಂದಿದ್ದ ಗೆಳೆಯನಿಗೆ 'ಅಮ್ನೀಸಿಯಾ: ದಿ ಡಾರ್ಕ್ ಡಿಸೆಂಟ್' ಆಡೋಕೆ ಕೊಟ್ಟೆ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್‌ನವರು 2010ರಲ್ಲಿ ತಂದ ಆಟ. ಇವನು ಜಯನಗರದಲ್ಲೇ ಹುಟ್ಟಿ ಬೆಳೆದವನು, ದೆವ್ವದ ಸಿನಿಮಾ ನೋಡಿ ನಗೋ ಪೈಕಿ. ಇಪ್ಪತ್ತು ನಿಮಿಷಕ್ಕೆ ಹೆಡ್‌ಫೋನ್ ಕಿತ್ತಿಟ್ಟು "ಲೈಟ್ ಹಾಕೋ ಮಗಾ" ಅಂದ. ಅಷ್ಟೊತ್ತಿಗೆ ಆಟದಲ್ಲಿ ಯಾವ ಪಿಶಾಚಿಯೂ ಅವನ ಮೈಮೇಲೆ ಬಿದ್ದಿರಲಿಲ್ಲ. ಅವನು ಮಾಡಿದ್ದು ಇಷ್ಟೇ, ಒಂದಷ್ಟು ಬಾಗಿಲು ತೆಗೆದಿದ್ದ.

ಈ ಆಟದಲ್ಲಿ ಒಂದು ಕ್ಲಿಕ್ಕಿಗೆ ಬಾಗಿಲು ತೆರೆಯಲ್ಲ. ಮೌಸಿನ ಬಟನ್ ಒತ್ತಿ ಹಿಡ್ಕೊಂಡು ಎಳೀಬೇಕು, ಇಲ್ಲಾ ತಳ್ಳಬೇಕು. ಒಂದಿಂಚು ತೆಗೆದು ಇಣುಕಬಹುದು, ಹೆದರಿ ಮತ್ತೆ ಮುಚ್ಚಬಹುದು. ಸಿನಿಮಾದಲ್ಲಿ ನಾಯಕಿ ಕತ್ತಲ ಕೋಣೆಗೆ ಹೋದರೆ "ಹೋಗ್ಬೇಡ ಕಣಮ್ಮ" ಅಂತ ನಾವು ಕೂತಲ್ಲೇ ಬೈತೀವಿ. ಇಲ್ಲಿ ಬೈಸಿಕೊಳ್ಳಬೇಕಾದ ನಾಯಕಿ ನಾವೇ.

ಇದು ನನಗೆ ಹಳೇ ಪರಿಚಯ. 90ರ ದಶಕದಲ್ಲಿ ನಾನಿನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದಾಗ, ತುರುವೇಕೆರೆ ಕಡೆಯ ನಮ್ಮೂರಲ್ಲಿ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಅಂತ ಬರೆದಿರೋರು. ಬೆಂಗಳೂರಲ್ಲೂ ಬರೀತಿದ್ರು ಅಂತ ಇಲ್ಲಿಗೆ ಬಂದಮೇಲೆ ಗೊತ್ತಾಯ್ತು. 2018ರಲ್ಲಿ 'ಸ್ತ್ರೀ' ಅನ್ನೋ ಹಿಂದಿ ಸಿನಿಮಾ ಇಂಥದ್ದೇ ಕತೆ ಎತ್ಕೊಂಡು ಚೆನ್ನಾಗಿ ದುಡ್ಡು ಮಾಡ್ತು. ರಾತ್ರಿ ಹೊತ್ತು ದೆವ್ವ ಬಂದು ಬಾಗಿಲು ಬಡಿಯುತ್ತೆ, ನಿಮ್ಮವರದ್ದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತೆ. ತೆಗೆದರೆ ಮುಗೀತು. ಬಾಗಿಲ ಮೇಲಿನ ಬರಹ ಓದಿದರೆ ವಾಪಸ್ ಹೋಗುತ್ತೆ, ನಾಳೆ ಮತ್ತೆ ಬರುತ್ತೆ. (ಅದಕ್ಕೆ ಕನ್ನಡ ಓದೋಕೆ ಬರ್ತಿತ್ತು ನೋಡಿ. ಬಿಟಿಎಂ ಲೇಔಟಿನ ಎಷ್ಟೋ ಮನೆಗಳಿಗಿಂತ ವಾಸಿ.)

ಲೆವೆಲ್ ಡಿಸೈನ್ ಅಂತ ನೋಡಿದರೆ ಇದರಲ್ಲಿ ಒಂದು ತಪ್ಪು ಹುಡುಕೋದು ಕಷ್ಟ. ದೆವ್ವ ಕಾಣೋದೇ ಇಲ್ಲ. ಚಿಲಕ ನಮ್ಮ ಕೈಲಿದೆ. ಬಚಾವಾಗೋಕೆ ಒಂದು ನಿಯಮ ಇದೆ, ಆದರೆ ಆ ನಿಯಮ ಅಪಾಯವನ್ನ ಮುಗಿಸಲ್ಲ, ಒಂದು ರಾತ್ರಿ ಮುಂದಕ್ಕೆ ಹಾಕುತ್ತೆ ಅಷ್ಟೇ. ಹಾರರ್ ಆಟಗಳನ್ನ ನಾನು ಈಗಲೂ ಈ ಅಳತೆಗೋಲಲ್ಲೇ ಅಳೆಯೋದು.

'ಹಾಫ್-ಲೈಫ್ 2' ಬಂದಿದ್ದು 2004ರಲ್ಲಿ. ಅದರ ರೇವನ್‌ಹೋಮ್ ಅಧ್ಯಾಯವನ್ನ ಎಲ್ಲರೂ ಹೊಗಳ್ತಾರೆ. ಅಲ್ಲಿ ನಿಜಕ್ಕೂ ಮೈ ಜುಂ ಅನ್ನಿಸೋದು ಗೋಡೆಗೆ ಹಾಕಿರೋ ಮಳೆನೀರಿನ ಪೈಪು ಲಟಲಟ ಅಂದಾಗ. ಏನೋ ಹತ್ತಿ ಬರ್ತಿದೆ, ಇನ್ನೂ ತಲೆ ಕಂಡಿಲ್ಲ. ಆದರೆ ಕೈಗೆ ಗ್ರ್ಯಾವಿಟಿ ಗನ್ ಕೊಟ್ಟು, ದಾರಿಯುದ್ದಕ್ಕೂ ಗರಗಸದ ಬಿಲ್ಲೆ ಹರಡಿಟ್ಟು, ಎಸೀರಿ ಅಂದುಬಿಟ್ರೆ? ಹತ್ತನೇ ಜಾಂಬಿಯನ್ನ ಎರಡು ಹೋಳು ಮಾಡೋ ಹೊತ್ತಿಗೆ ನಾನು ಖುಷಿಯಾಗಿ ಶಿಳ್ಳೆ ಹೊಡೀತಿದ್ದೆ. ಒಳ್ಳೇ ಆಟ, ಸಂಶಯ ಇಲ್ಲ. ಆದರೆ ಭಯ ಅಲ್ಲಿ ಅರ್ಧ ದಾರಿಗೇ ಕೆಲಸ ಆಗಿಬಿಡುತ್ತೆ.

ಅಮ್ನೀಸಿಯಾದಲ್ಲಿ ಆಯುಧವೇ ಇಲ್ಲ. ಅದರಲ್ಲಿ ನೀರು ತುಂಬಿದ ನೆಲಮಾಳಿಗೆ ಒಂದಿದೆ. ನೀರಲ್ಲಿ ಏನೋ ಇದೆ, ಆದರೆ ಅದಕ್ಕೆ ರೂಪವೇ ಇಲ್ಲ. ಪಚಕ್, ಪಚಕ್ ಅಂತ ನೀರು ಚಿಮ್ಮೋದು ಮಾತ್ರ ಕಾಣುತ್ತೆ, ನಿಮ್ಮ ಕಡೆಗೇ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹಾರಬೇಕು, ಕಾಲು ಜಾರಿದರೆ ಓಡಬೇಕು. ರಾತ್ರಿ ಕೆರೆ ಏರಿ ಮೇಲೆ ಒಬ್ಬರೇ ನಡೆದು ಬಂದವರಿಗೆ ಈ ಸದ್ದು ಗೊತ್ತು. ಅದು ಮೀನೋ ಕಪ್ಪೆಯೋ ಆಗಿರುತ್ತೆ ಅಂತ ಬುದ್ಧಿ ಹೇಳುತ್ತೆ, ಕಾಲು ಕೇಳಲ್ಲ. ಗ್ರಾಫಿಕ್ಸ್ ತಂಡ ಏನೂ ಬಿಡಿಸದೇ ಬಿಟ್ಟ ಜಾಗವನ್ನ ಆಡೋನು ತಾನೇ ತುಂಬಿಕೊಳ್ತಾನೆ, ಅದೂ ತನ್ನೂರ ಸಾಮಾನಿನಿಂದ.

ಕೋಡ್ ಬರೆಯೋನಾಗಿ ನಾನು ತಲೆಬಾಗಿದ್ದು 2014ರ 'ಏಲಿಯನ್: ಐಸೊಲೇಷನ್'ಗೆ. ಅದರಲ್ಲಿ ಬುದ್ಧಿ ಎರಡು ಕಡೆ ಹಂಚಿಹೋಗಿದೆ. ಪ್ರಾಣಿಗೆ ನೀವೆಲ್ಲಿದ್ದೀರಿ ಅಂತ ಗೊತ್ತಿಲ್ಲ, ಅದು ಕಣ್ಣು ಕಿವಿ ಬಳಸಿ ಹುಡುಕಬೇಕು. ಇನ್ನೊಂದು ಡೈರೆಕ್ಟರ್, ಯಕ್ಷಗಾನದ ಭಾಗವತರ ಹಾಗೆ. ಅದಕ್ಕೆ ಎಲ್ಲಾ ಗೊತ್ತು, ಆದರೆ ಪ್ರಾಣಿಗೆ "ಆ ಕಡೆ ಒಂಚೂರು ನೋಡು" ಅನ್ನೋ ಸುಳಿವಷ್ಟೇ ಕೊಡುತ್ತೆ. ನಿಮ್ಮ ಉಸಿರು ತೀರಾ ಕಟ್ಟುವಷ್ಟು ಒತ್ತಡ ಆದಾಗ ಪ್ರಾಣಿಯನ್ನ ವಾಪಸ್ ಕಳಿಸುತ್ತೆ. ಅಂದ್ರೆ ಕೋಡಿನಲ್ಲೇ 'ನಾಳೆ ಬಾ' ಬರೆದಿದ್ದಾರೆ! ಆಟ ಸೇವ್ ಮಾಡೋಕೂ ಗೋಡೆಯ ಯಂತ್ರಕ್ಕೆ ಕಾರ್ಡ್ ಹಾಕಿ ಮೂರು ಬೀಪ್ ಆಗೋವರೆಗೆ ಬೆನ್ನು ತೋರಿಸಿ ನಿಂತಿರಬೇಕು. ಆ ಮೂರು ಬೀಪ್ ಇದೆಯಲ್ಲ, ನಮ್ಮ ಪ್ರೊಡಕ್ಷನ್ ರಿಲೀಸಿಗಿಂತ ಉದ್ದ.

ಅದರ ತಪ್ಪೂ ಹೇಳಿಬಿಡ್ತೀನಿ. ಆಟ ವಿಪರೀತ ಉದ್ದ. ಒಂದೇ ಜಾಗದಲ್ಲಿ ಆರು ಸಲ ಸತ್ತಮೇಲೆ ಆ ಪ್ರಾಣಿ ಸಿಲ್ಕ್ ಬೋರ್ಡ್ ಸಿಗ್ನಲ್ ಥರ ಆಗುತ್ತೆ. ಭಯ ಹೋಗಿ ಬರೀ ಬೇಜಾರು. ಸಾವು ನಡೆದುಹೋದರೆ ಹೆದರೋಕೆ ಏನು ಉಳಿಯುತ್ತೆ? ರೀಲೋಡ್ ಮಾಡಿದ್ರಾಯ್ತು. ನಮ್ಮೂರ ಯಾರನ್ನೂ ಆ ದೆವ್ವ ಕೊಂಡೊಯ್ಯಲಿಲ್ಲ, ಅದಕ್ಕೇ ಅದು ಅಷ್ಟು ದಿನ ಬಾಳಿತು.

ಆದರೆ 'ನಾಳೆ ಬಾ'ದಲ್ಲಿ ಇದ್ದ ಒಂದು ವಿಷಯ ಈ ಯಾವ ಆಟದಲ್ಲೂ ನನಗೆ ಸಿಕ್ಕಿಲ್ಲ, ನಮ್ಮವರ ದನಿ. ಏಲಿಯನ್ ನನ್ನ ಹೆಸರು ಹಿಡಿದು ಕರೆಯಲ್ಲ. ಆಗ ಹಾಸಿಗೆಯಲ್ಲಿ ಮುದುಡಿಕೊಂಡು ನಾನು ಯೋಚಿಸ್ತಿದ್ದಿದ್ದು ದೆವ್ವದ ಹಲ್ಲಿನ ಬಗ್ಗೆ ಅಲ್ಲ. ಹೊರಗೆ ಕರೀತಿರೋದು ನಿಜವಾಗ್ಲೂ ಅಮ್ಮನೇ ಆಗಿದ್ರೆ, ನಾನು ಬಾಗಿಲು ತೆಗೀದೇ ಇದ್ರೆ ಅಂತ.

ಈಗ ಅಮ್ಮ ಊರಲ್ಲಿ ಒಬ್ಬರೇ. ಒಂಬತ್ತಕ್ಕೆ ಮಲಗೋರು. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಹೆಡ್‌ಫೋನ್ ಹಾಕ್ಕೊಂಡು ಆಡ್ತಾ ಇದ್ದೆ, ಪಕ್ಕದಲ್ಲಿ ಮೊಬೈಲು ಬೆಳಗಿತು, 'ಅಮ್ಮ' ಅಂತ. ಮೂರು ರಿಂಗ್ ಆಗೋವರೆಗೂ ಕೈ ಮುಂದೆ ಹೋಗಲಿಲ್ಲ. ಎತ್ತಿದೆ. "ಗ್ಯಾಸ್ ಮುಗಿದೋಯ್ತು ಕಣಪ್ಪ, ಬೆಳಿಗ್ಗೆ ಎದ್ದು ಮರ್ತೋಗ್ತೀನಿ ಅಂತ ಈಗ್ಲೇ ಮಾಡ್ದೆ" ಅಂದ್ರು.