ತಂಬೂರಿಗೆ ಒಂದು ರಾತ್ರಿ ಕೊಡಿ

ಕಛೇರಿ ಸಂಗೀತ ಕೇಳಿ ಪಳಗಿದ ಕಿವಿಗೆ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ತಂಬೂರಿ ಮೊದಲ ಸಲ ಒರಟಾಗಿಯೇ ಕೇಳುತ್ತದೆ. ನಾಲ್ಕೇ ತಂತಿ. ಅದರ ಮೇಲೆ ರಾಗ ನುಡಿಸುವುದಿಲ್ಲ, ಗಮಕವಿಲ್ಲ. ಗುಂಯ್ ಎನ್ನುವ ಒಂದೇ ನಾದ, ಜೊತೆಗೆ ಗಗ್ಗರದ ಗಲಗಲ, ತಾಳ, ದಮ್ಮಡಿಯ ಪೆಟ್ಟು. "ಭಕ್ತಿ ಇದೆ, ಸಂಗೀತ ಕಡಿಮೆ" ಎಂದು ತಿಳಿದವರೇ ಹೇಳುವುದನ್ನು ಕೇಳಿದ್ದೇನೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಈ ವಾದ್ಯದ ಸಂಗೀತ ಎಲ್ಲಿದೆಯೋ ಅಲ್ಲಿ ಹುಡುಕದೆ ಆಡಿದ ಮಾತು ಅದು.

ಕಛೇರಿಯ ತಂಬೂರಿ ಗಾಯಕರ ಬೆನ್ನ ಹಿಂದೆ ಕುಳಿತು ಶ್ರುತಿ ಕೊಡುತ್ತದೆ. ನೀಲಗಾರನ ತಂಬೂರಿ ಹಾಡುವವನ ಹೆಗಲಿಗೇ ಒರಗಿರುತ್ತದೆ. ಶ್ರುತಿಯೂ ಅದೇ, ಲಯವೂ ಅದೇ. ಮಂಟೇಸ್ವಾಮಿ ಕಾವ್ಯವನ್ನು ಅವರು ಸಾಲುಗಳಾಗಿ ಹಾಡುತ್ತಾರೆ. ಒಂದೊಂದು ಸಾಲೂ ಒಂದೊಂದು ಕಥೆ. ಪದ ಹಾಡಿ, ಅಲ್ಲಿಂದ ಮಾತಿಗೆ ಇಳಿದು, ಮಾತು ಬಿಸಿಯಾದಂತೆ ಮತ್ತೆ ಪದಕ್ಕೆ ಏರುವುದು ಅವರ ಕ್ರಮ. ಹಾಡು ನಿಂತು ಮಾತು ಶುರುವಾದಾಗಲೂ ತಂಬೂರಿ ನಿಲ್ಲುವುದಿಲ್ಲ. ಹಾಗಾಗಿ ನಮ್ಮ ಕನಕಪುರ, ಚನ್ನಪಟ್ಟಣದ ಕಡೆಯ ದಿನನಿತ್ಯದ ಆಡುಮಾತೇ ಆ ನಾದದಲ್ಲಿ ನೆನೆದು ಅರ್ಧ ಹಾಡಾಗಿಬಿಡುತ್ತದೆ. ಎಲ್ಲಿ ಮಾತು ಮುಗಿಯಿತು, ಎಲ್ಲಿ ಪದ ಹಿಡಿಯಿತು ಎಂದು ಗೆರೆ ಎಳೆಯಲಾಗುವುದಿಲ್ಲ. ಈ ವಾದ್ಯದ ಹೆಚ್ಚುಗಾರಿಕೆ ಇದು.

ಇದು ಕಿವಿಗೆ ಇಳಿಯಲು ಹೊತ್ತು ಬೇಕು. ಹಲಗೂರಿನ ಸಾಲನ್ನೇ ನೋಡಿ. ಕನಕಪುರದಿಂದ ಸಾತನೂರು ದಾಟಿ ಹೋದರೆ ಹಲಗೂರು ಸಿಗುತ್ತದೆ. ಮಂಟೇಸ್ವಾಮಿಯ ಶಿಷ್ಯ ಸಿದ್ಧಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗಿ ಪಾಂಚಾಳರ ಮುಂದೆ ನಿಂತದ್ದು ಆ ಊರಿನಲ್ಲಿ. ಮನೆತುಂಬ ಕಬ್ಬಿಣ ಇಟ್ಟುಕೊಂಡೂ ಇಲ್ಲವೆನ್ನುವ ಒಡೆಯರು, ಅವರು ಒಡ್ಡುವ ಒಂದೊಂದೇ ಪರೀಕ್ಷೆ, ಬಿಡದೆ ಬೇಡುವ ಶಿಷ್ಯ. ಒಂದೇ ಪ್ರಶ್ನೆ, ಒಂದೇ ಉತ್ತರ, ಮತ್ತೆ ಅದೇ ಪ್ರಶ್ನೆ. ಮೊದಲ ಅರ್ಧ ಗಂಟೆ ಈ ಪುನರುಕ್ತಿ ಬೇಸರ ತರಿಸುತ್ತದೆ. ನಡುರಾತ್ರಿ ಕಳೆದ ಮೇಲೆ ಅದೇ ಪುನರುಕ್ತಿ ಎದೆಯನ್ನು ಹಿಂಡುತ್ತದೆ. ತಂಬೂರಿ ಆಗಲೂ ಅದೇ ನಾದ ಮಿಡಿಯುತ್ತಿರುತ್ತದೆ. ಬದಲಾದದ್ದು ಕೇಳುವವನ ಕಿವಿ. ಬನದ ಹುಣ್ಣಿಮೆಯಂದು ಚಂದ್ರಮಂಡಲದ ಆಚರಣೆಯಿಂದ ಶುರುವಾಗುವ ಚಿಕ್ಕಲ್ಲೂರಿನ ಸಿದ್ಧಪ್ಪಾಜಿ ಜಾತ್ರೆಯ ಚಳಿಯಲ್ಲಿ ಕಂಬಳಿ ಹೊದ್ದು ಕೂತು ಕೇಳಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಇದೇ ಅನುಭವ ನನಗೆ ದೂರದ ನಾರ್ವೆಯ ಹಾರ್ಡಾಂಗರ್ ಪಿಟೀಲನ್ನು ಧ್ವನಿಮುದ್ರಿಕೆಯಲ್ಲಿ ಕೇಳುವಾಗ ಆಯಿತು. ನೋಡಲು ನಮ್ಮ ಪಿಟೀಲೇ. ಮೈತುಂಬ ಹೂಬಳ್ಳಿಯ ಚಿತ್ತಾರ, ತುದಿಯಲ್ಲಿ ಕೆತ್ತಿದ ಸಿಂಹದ ತಲೆ. ಕಮಾನು ಎಳೆಯುವುದು ಮೇಲಿನ ನಾಲ್ಕು ತಂತಿಗಳ ಮೇಲೆ. ಅವುಗಳ ಕೆಳಗೆ ನಾಲ್ಕೋ ಐದೋ ತಂತಿಗಳು ಹಾದುಹೋಗುತ್ತವೆ. ಅವನ್ನು ಯಾರೂ ಮುಟ್ಟುವುದಿಲ್ಲ; ಮೇಲಿನವು ನುಡಿದಾಗ ತಾವೇ ಮಿಡಿಯುತ್ತವೆ. 1651ರದ್ದೆಂದು ಹೇಳುವ ಪಿಟೀಲೊಂದು ಇಂದಿಗೂ ಉಳಿದಿದೆ. ಈ ವಾದ್ಯವನ್ನೂ ಒರಟೆಂದರು, ಸೈತಾನನದ್ದೆಂದರು. ಧರ್ಮಶ್ರದ್ಧೆಯ ಆವೇಶದಲ್ಲಿ ಸುಟ್ಟದ್ದೂ ಉಂಟು. ಇತ್ತ ನಮ್ಮ ನೀಲಗಾರ ಪರಂಪರೆಯಲ್ಲಿ ದೀಕ್ಷೆ ಪಡೆದವರಲ್ಲಿ ಹೆಚ್ಚಿನವರು ಊರು ಅಂಚಿಗೆ ತಳ್ಳಿದ ಜನ. ಅವರ ವಾದ್ಯ ಕೀಳೆಂಬ ತೀರ್ಪಿನಲ್ಲಿ ಕಿವಿಯ ಪಾಲೆಷ್ಟು, ಜಾತಿಯ ಪಾಲೆಷ್ಟು ಎಂದು ನಾವು ಕೇಳಿಕೊಳ್ಳಲೇಬೇಕು.

ನಾರ್ವೆಯಲ್ಲಿ ಕ್ನೂಟ್ ದಾಲೆ ಎಂಬ ಹಳ್ಳಿಯ ಪಿಟೀಲುಗಾರ ತನ್ನ ಮಟ್ಟುಗಳು ತನ್ನೊಂದಿಗೇ ಸಾಯುತ್ತವಲ್ಲ ಎಂದು ಸಂಗೀತ ರಚನಕಾರ ಎಡ್ವರ್ಡ್ ಗ್ರೀಗ್‌ಗೆ ಕಾಗದ ಬರೆದ. 1901ರಲ್ಲಿ ಪಿಟೀಲು ವಾದಕ ಯೋಹಾನ್ ಹಾಲ್ವರ್ಸೆನ್ ಅವನನ್ನು ಕೂರಿಸಿಕೊಂಡು 17 ಮಟ್ಟುಗಳನ್ನು ಬರೆದುಕೊಂಡ; ಗ್ರೀಗ್ ಅವನ್ನು ಪಿಯಾನೋಗೆ ಅಳವಡಿಸಿದ. ಚೆಲುವಾದ ಕೃತಿಗಳೇ, ಆದರೆ ಪಿಯಾನೋದಲ್ಲಿ ಕೆಳತಂತಿಯ ಆ ಮಿಡಿತ ಬರುವುದಿಲ್ಲ. ಗ್ರೀಗ್‌ಗೆ ಇದು ಗೊತ್ತಿತ್ತು; ಹಾಲ್ವರ್ಸೆನ್ ಬರೆದುಕೊಂಡ ಪಿಟೀಲಿನ ಪಾಠವೂ ಪ್ರಕಟವಾಯಿತು. ನಮ್ಮ ತಂಬೂರಿ ಪದಗಳ ಕ್ಯಾಸೆಟ್ಟುಗಳಲ್ಲಿ ಇಷ್ಟು ಎಚ್ಚರವೂ ಇರಲಿಲ್ಲ. ತಂಬೂರಿ ಇರಬೇಕಾದ ಕಡೆ ಕೀಬೋರ್ಡ್ ತುಂಬಿದರು, ಮಾತಿನ ಭಾಗ ಕತ್ತರಿಸಿ ಪದಗಳನ್ನು ಮಾತ್ರ ಉಳಿಸಿದರು. ಕ್ಯಾಸೆಟ್ಟು ಈ ಪದಗಳನ್ನು ಮನೆಮನೆಗೆ ಮುಟ್ಟಿಸಿತು, ಆ ಉಪಕಾರ ದೊಡ್ಡದು. ಆದರೆ ಅದು ಮುಟ್ಟಿಸಿದ್ದು ಕಥೆಯನ್ನು. ನಾದ ದಾರಿಯಲ್ಲೇ ಉಳಿಯಿತು.

ರಾಮನಗರದ ಜಾನಪದ ಲೋಕಕ್ಕೆ ನಾನು ಮತ್ತೆ ಮತ್ತೆ ಹೋಗುತ್ತೇನೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ಬೆಂಗಳೂರು–ಮೈಸೂರು ರಸ್ತೆಯ ಬದಿಯ 15 ಎಕರೆಯಲ್ಲಿ ಅದನ್ನು ಕಟ್ಟಿ ನಿಲ್ಲಿಸದಿದ್ದರೆ ಎಷ್ಟೋ ವಾದ್ಯಗಳನ್ನು ನಮ್ಮ ಮಕ್ಕಳು ಕಣ್ಣಿನಿಂದಲೂ ನೋಡುತ್ತಿರಲಿಲ್ಲ. ಕಿನ್ನರಿಯನ್ನೇ ನೋಡಿ. ಬಿದಿರಿನ ಕಾಂಡಕ್ಕೆ ಸೋರೆಬುರುಡೆ ಕಟ್ಟಿ, ತುದಿಗೆ ಹಕ್ಕಿಯೊಂದನ್ನು ಕೂರಿಸಿದ ಆ ಚೆಲುವಾದ ವಾದ್ಯ ಹಿಡಿದು ಅರ್ಜುನಜೋಗಿಯ ಕಥೆ ಹಾಡುತ್ತ ಬರುತ್ತಿದ್ದ ಕಿನ್ನರಿ ಜೋಗಿಗಳು ಈಗ ನಮ್ಮ ಬೀದಿಗಳಲ್ಲಿ ಕಾಣುವುದೇ ಅಪರೂಪ. ವಾದ್ಯ ಉಳಿಸುವ ಕೆಲಸವನ್ನು ನಾಗೇಗೌಡರು ಮಾಡಿಕೊಟ್ಟು ಹೋದರು. ಕೇಳುವ ಕೆಲಸ ನಮ್ಮ ಪಾಲಿಗೆ ಬಿಟ್ಟದ್ದು. ಅದನ್ನು ನಾವು ಸರಿಯಾಗಿ ಮಾಡುತ್ತಿಲ್ಲ.

ನಮ್ಮ ಉತ್ಸವಗಳ ವೇದಿಕೆ ನೋಡಿ. ಒಂದು ತಂಡಕ್ಕೆ ಹದಿನೈದು ನಿಮಿಷ. ಮೈಕು ಹಾಡುಗಾರನ ಬಾಯಿಗೆ, ತಂಬೂರಿಯ ಬುರುಡೆಯ ಹತ್ತಿರ ಏನೂ ಇಲ್ಲ. ಬಣ್ಣದ ದೀಪ, ಗಣ್ಯರ ಸ್ವಾಗತ, ಶಾಲು, ನೆನಪಿನ ಕಾಣಿಕೆ. ಇಷ್ಟರಲ್ಲಿ ಹಲಗೂರಿನ ಸಾಲು ಪಾಂಚಾಳರ ಬಾಗಿಲಿಗೂ ಬಂದಿರುವುದಿಲ್ಲ. ನಿರೂಪಕರು "ಮಂಟೇಸ್ವಾಮಿ ಪರಂಪರೆಯ ಕಲಾವಿದರು" ಎಂದು ಕರೆಯುತ್ತಾರೆ, ಯಾವ ಊರಿನ ಮೇಳ, ಯಾವ ಗುರುವಿನಿಂದ ಬಂದ ಪಾಠ ಎಂದು ಹೇಳುವುದಿಲ್ಲ. ಇದೊಂದು ವಿಷಯದಲ್ಲಿ ನಾರ್ವೆಯವರಿಂದ ಕಲಿಯಬೇಕು. ಅಲ್ಲಿ ಪಿಟೀಲುಗಾರ ಒಂದು ಮಟ್ಟು ನುಡಿಸುವ ಮುಂಚೆ ಇದು ಇಂಥವರಿಂದ ಬಂದದ್ದು ಎಂದು ಹೇಳುವುದು ವಾಡಿಕೆ. 1872ರಲ್ಲಿ ತೀರಿಕೊಂಡ, ಗಿರಣಿಯವನ ಮಗ ಮಿಲ್ಲರ್‌ಗುಟೆನ್ ಎಂಬ ಪಿಟೀಲುಗಾರನ ಹೆಸರು ಇಂದಿಗೂ ಹಾಗೆ ವೇದಿಕೆಯ ಮೇಲೆ ಕೇಳಿಬರುತ್ತದೆ. ನಮ್ಮ ನೀಲಗಾರರೂ ಗುರುವನ್ನು ನೆನೆಯದೆ ಬಾಯಿ ತೆರೆಯುವವರಲ್ಲ. ಆ ನೆನೆಯುವ ಹೊತ್ತನ್ನೇ ನಾವು ವೇದಿಕೆಯಲ್ಲಿ ಕತ್ತರಿಸುತ್ತಿದ್ದೇವೆ.

ಮಾಗಡಿ, ರಾಮನಗರ, ಚನ್ನಪಟ್ಟಣ, ಕನಕಪುರಗಳಲ್ಲಿ ಹಬ್ಬ, ಉತ್ಸವ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ಹತ್ತು ತಂಡ ಕರೆಯುವ ಕಡೆ ವರ್ಷಕ್ಕೊಮ್ಮೆ ಒಂದೇ ತಂಡವನ್ನು ಕರೆಯಿರಿ. ಅವರ ಊರು, ಅವರ ಗುರುವಿನ ಹೆಸರು ಕೇಳಿ ಹೇಳಿ. ಒಂದು ಮೈಕನ್ನು ತಂಬೂರಿಯ ಬುರುಡೆಯ ಹತ್ತಿರ ಇಡಿ. ರಾತ್ರಿ ಊಟವಾದ ಮೇಲೆ ಶುರುಮಾಡಿ, ಕೋಳಿ ಕೂಗುವವರೆಗೆ ಅವರನ್ನು ಎಬ್ಬಿಸಬೇಡಿ.