ಪ್ರಶಸ್ತಿಯೂ ಪ್ರಮಾಣವೂ

ಗಣಕಭಾಷೆಯೊಂದರ ಪ್ರಚಾರಕ್ಕಾಗಿ ಅದನ್ನು ಬಳಸಿದವರ ಯಶೋಗಾಥೆಗಳನ್ನು ಸಂಗ್ರಹಿಸುವ ಪದ್ಧತಿಯುಂಟು. 1991ರಲ್ಲಿ ಹೊರಬಂದ ಪೈಥಾನ್ ಭಾಷೆಗೂ ಅಂಥ ಸಂಗ್ರಹವಿದೆ. ಇವು ಪ್ರಶಸ್ತಿಸಾಹಿತ್ಯದ ವರ್ಗಕ್ಕೆ ಸೇರತಕ್ಕವು. ಇಂಥವನ್ನು ಓದುವ ಕ್ರಮವನ್ನು ಬಾಗಲಕೋಟೆ ಜಿಲ್ಲೆಯ ಎರಡು ಶಾಸನಗಳಿಂದ ತಿಳಿಯಬಹುದು. ಐಹೊಳೆಯ ಮೇಗುತಿಯಲ್ಲಿ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಇಮ್ಮಡಿ ಪುಲಕೇಶಿಯ ಜಯಗಳನ್ನು ಕೀರ್ತಿಸಿದನು. ಹರ್ಷನ ಸೋಲೂ ಪಲ್ಲವರ ಹಿಮ್ಮೆಟ್ಟುವಿಕೆಯೂ ಅಲ್ಲಿ ಉಕ್ತವಾಗಿವೆ. ಸುಮಾರು 642ರಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನೇ ಗೆದ್ದು, ಅಲ್ಲಿಯ ಬಂಡೆಯ ಮೇಲೆ ತನ್ನ ಶಾಸನವನ್ನು ಕೊರೆಯಿಸಿದನು. ಐಹೊಳೆಯ ಶಾಸನವು ಸುಳ್ಳಲ್ಲ. ಆದರೆ ಅದೊಂದನ್ನೇ ಓದಿದವನಿಗೆ ಬಾದಾಮಿಯ ಪತನವು ತಿಳಿಯದು. ಅಂತೆಯೇ ಸಂಗ್ರಾಹಕನು ಭಾಷೆಯನ್ನು ಕೈಬಿಟ್ಟವರ ಮಾತನ್ನೂ ದಾಖಲಿಸಬೇಕು. ಪೈಥಾನಿನಲ್ಲಿ ಬರವಣಿಗೆ ಸುಲಭ. ಭಾರಿ ಲೆಕ್ಕಗಳಲ್ಲಿ ಅದು ಸಿ ಭಾಷೆಗಿಂತ ನಿಧಾನ. ಈ ಎರಡನೆಯ ಮಾತನ್ನು ಬಿಟ್ಟ ಸಂಗ್ರಹವು ಪ್ರಶಸ್ತಿಯಾದೀತು. ಭಾಷೆಯನ್ನು ಆರಿಸಿಕೊಳ್ಳುವ ವಿದ್ಯಾರ್ಥಿಗೆ ಪ್ರಮಾಣವಾಗಲಾರದು.