ಬಾಲಿಯ ‘ನಿರ್ಮಿತ ಸ್ವರ್ಗ’ ಮತ್ತು ನೂಸಾ ದುಅ: ಒಂದು ವಿಮರ್ಶೆ

ಆಡ್ರಿಯನ್ ವಿಕರ್ಸ್ ಅವರ ‘ಬಾಲಿ: ಎ ಪ್ಯಾರಡೈಸ್ ಕ್ರಿಯೇಟೆಡ್’ ಎಂಬ ಗ್ರಂಥವು 1989ರಲ್ಲಿ ಪ್ರಕಟವಾಯಿತು, 2012ರಲ್ಲಿ ಅದರ ಹೊಸ ಆವೃತ್ತಿಯೂ ಹೊರಬಂದಿತು. ಇಂಡೊನೇಷ್ಯದ ಬಾಲಿದ್ವೀಪವು ಅನಾದಿಯಿಂದಲೂ ಶಾಂತಿಯ ನೆಲೆವೀಡೆಂಬ ನಂಬಿಕೆಯನ್ನು ಬುಡಸಹಿತ ಅಲುಗಾಡಿಸಿದ ಗ್ರಂಥವಿದು. 1597ರಲ್ಲಿ ಡಚ್ಚರ ಹಡಗುಗಳು ಅಲ್ಲಿಗೆ ಬಂದ ಮೇಲೆ ಬಹುಕಾಲ ಯೂರೋಪಿಯನ್ನರ ಬರಹಗಳಲ್ಲಿ ಕಾಣುವ ಬಾಲಿಯು ಗುಲಾಮರ ವ್ಯಾಪಾರದ, ಸಹಗಮನದ, ಕಾದಾಟದ ನಾಡು. ಸ್ವರ್ಗವಾದದ್ದು ಅನಂತರ.

ಆ ‘ಅನಂತರ’ದಲ್ಲಿಯೇ ಇತಿಹಾಸದ ತಿರುಳಿದೆ. 1906ರ ಸೆಪ್ಟೆಂಬರ್ 20ರಂದು ಡೆನ್‌ಪಸಾರಿನ ಅರಸುಮನೆತನವು ಬಿಳಿಯುಟ್ಟು, ಕಠಾರಿ ಭರ್ಜಿಗಳನ್ನು ಹಿಡಿದು, ಡಚ್ಚರ ಬಂದೂಕುಗಳೆದುರು ನಡೆದು ಮಡಿಯಿತು. 1908ರಲ್ಲಿ ಕ್ಲುಂಗ್ಕುಂಗಿನಲ್ಲಿಯೂ ಹೀಗೆಯೇ ಆಯಿತು. ಇದಕ್ಕೆ ‘ಪುಪುತಾನ್’ ಎಂದು ಹೆಸರು. (ನಮ್ಮಲ್ಲಿ ಕೆಲವರು ಇದನ್ನು ಜೌಹರಕ್ಕೆ ಹೋಲಿಸುವುದುಂಟು, ಹೋಲಿಕೆ ಪೂರ್ತಿ ಸಲ್ಲದು, ಇಲ್ಲಿ ಸ್ತ್ರೀಯರೂ ಮಕ್ಕಳೂ ಶತ್ರುವಿನೆದುರೇ ನಡೆದರು.) ಕೆಲವೇ ವರ್ಷಗಳಲ್ಲಿ ಡಚ್ ಹಡಗು ಕಂಪನಿಯು ಅದೇ ದ್ವೀಪವನ್ನು ಪ್ರವಾಸಿಗಳಿಗೆ ಉದ್ಯಾನವೆಂದು ವರ್ಣಿಸತೊಡಗಿತು. ಕೊಂದವರೇ ಕಾಪಾಡುವವರಾದರು, ‘ಬಾಲಿಯ ಸಂಸ್ಕೃತಿ’ ರಕ್ಷಣೀಯ ವಸ್ತುವಾಯಿತು. ಈ ಸಂಬಂಧವನ್ನು ತೋರಿಸಿದುದೇ ವಿಕರ್ಸರ ಮುಖ್ಯ ಸಾಧನೆ.

ಭಾರತೀಯರಾದ ನಾವೂ ಈ ಮಾತಿನಿಂದ ಹೊರತಲ್ಲ. 1927ರಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿಗೆ ಹೋಗಿಬಂದರು. ಮಜುಂದಾರರು ‘ಸುವರ್ಣದ್ವೀಪ’ವನ್ನು ಬರೆದರು. ನಮ್ಮವರು ಬಾಲಿಯಲ್ಲಿ ಹೆಚ್ಚಾಗಿ ಅರಸಿದ್ದು ತಮ್ಮದೇ ಪುರಾತನ ಭಾರತವನ್ನು. ಅದೂ ಒಂದು ಬಗೆಯ ಸ್ವರ್ಗನಿರ್ಮಾಣವೇ.

ಆದರೆ ಗ್ರಂಥದ ಒಲವು ಪ್ರತಿಮೆಗಳ ಕಡೆಗೆ. ಚಿತ್ರಕಾರರಿಗೂ ಮಾನವಶಾಸ್ತ್ರಜ್ಞರಿಗೂ ದೊರೆತ ವಿಸ್ತಾರವು ಯೋಜಕರಿಗೆ ದೊರೆತಿಲ್ಲ. ದ್ವೀಪದ ದಕ್ಷಿಣ ತುದಿಯ ನೂಸಾ ದುಅ ಇದಕ್ಕೆ ನಿದರ್ಶನ. 1971ರಲ್ಲಿ ಫ್ರೆಂಚ್ ಸಲಹಾಸಂಸ್ಥೆಯೊಂದು ಸಿದ್ಧಪಡಿಸಿದ ಯೋಜನೆಯು, ಪ್ರವಾಸಿಗಳನ್ನು ಬತ್ತದ ಬೆಳೆಗೆ ಒದಗದ ಈ ಸುಣ್ಣಕಲ್ಲಿನ ಒಣನೆಲದಲ್ಲಿ ಇರಿಸಿ, ಒಳನಾಡಿಗೆ ಹಗಲಿನ ವಿಹಾರಕ್ಕಷ್ಟೇ ಕಳುಹಿಸಬೇಕೆಂದಿತು. ಹಾಗೆ ಮಾಡಿದರೆ ಸಂಸ್ಕೃತಿ ಕೆಡದೆಂಬುದು ತರ್ಕ. 1974ರಲ್ಲಿ ವಿಶ್ವಬ್ಯಾಂಕಿನ ಸಾಲ ಮಂಜೂರಾಯಿತು. 1983ರಲ್ಲಿ ಮೊದಲ ದೊಡ್ಡ ಹೋಟೆಲು ತೆರೆಯಿತು. 2007ರ ವಾಯುಗುಣ ಸಮ್ಮೇಳನ, 2013ರ ವಿಶ್ವ ವ್ಯಾಪಾರ ಸಂಸ್ಥೆಯ ಸಚಿವರ ಸಭೆ, 2022ರ ಜಿ-20 ಶೃಂಗಸಭೆ ಅಲ್ಲಿಯೇ ನಡೆದವು. ಸಾಲ ಕೊಟ್ಟ ಬ್ಯಾಂಕು ತಾನೇ 2018ರಲ್ಲಿ ಅಲ್ಲಿ ವಾರ್ಷಿಕ ಸಭೆ ನಡೆಸಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ವಸಾಹತುಕಾಲದಲ್ಲಿ ರಚಿತವಾದುದೆಂದು ವಿಕರ್ಸರು ಸಾಧಿಸಿದ ಪ್ರತಿಮೆಯನ್ನೇ ಈ ಯೋಜನೆಯು ಸಿದ್ಧಸತ್ಯವೆಂದು ಅಂಗೀಕರಿಸಿ, ಅದಕ್ಕೆ ಬೇಲಿ ಹಾಕಿತು. ಅವರ ವಾದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ದೊರೆಯುವುದು ಕಷ್ಟ. ತೆಂಗಿನ ತೋಟವೂ ಮೀನುಗಾರಿಕೆಯೂ ಇದ್ದ ಕರಾವಳಿಯ ಜನರ ಪಾಲಿಗೆ ‘ನಿರ್ಮಾಣ’ವೆಂದರೆ ಪ್ರತಿಮೆಯಲ್ಲ, ಭೂಸ್ವಾಧೀನ. ಈ ಅರ್ಥವು ಗ್ರಂಥದಲ್ಲಿ ತಕ್ಕಷ್ಟು ಬೆಳೆದಿಲ್ಲವೆಂದೇ ನನ್ನ ಆಕ್ಷೇಪ.

ಆದುದರಿಂದ ಇದನ್ನು ಜೆಫ್ರಿ ರಾಬಿನ್ಸನ್ನರ ‘ದಿ ಡಾರ್ಕ್ ಸೈಡ್ ಆಫ್ ಪ್ಯಾರಡೈಸ್’ (1995) ಗ್ರಂಥದೊಡನೆ ಜೊತೆಯಾಗಿ ಓದತಕ್ಕದ್ದು. 1965-66ರಲ್ಲಿ ಬಾಲಿಯಲ್ಲಿ ಸುಮಾರು 80,000 ಜನರ ಕೊಲೆಯಾಯಿತೆಂದು, ಅಂದರೆ ಜನಸಂಖ್ಯೆಯ ನೂರಕ್ಕೆ ಐದರಷ್ಟೆಂದು, ಅಲ್ಲಿ ಅಂದಾಜಿದೆ. ಭೂಮಿಯ ಒಡೆತನದ ಕಲಹವು ಆ ಹಿಂಸೆಯ ಹಿನ್ನೆಲೆಗಳಲ್ಲೊಂದು. ಫ್ರೆಂಚರ ಯೋಜನೆ ಕೈಸೇರಿದ್ದು ಅದಾದ ಐದನೆಯ ವರ್ಷ.